ಚೆರ್ರಿ ಬುಡದಿಂದ ಏಳು ಹೆಜ್ಜೆ

ಹೊಸ ಲೊಜಿ
19 ಮೇ 2024, ಭಾನುವಾರ

ನನ್ನ ಉಸ್ತ್ಯಾ,

ಮೊದಲು ಕನಸು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಕೆಟ್ಟ ಕನಸನ್ನು ಒಳಗೇ ಇಟ್ಟುಕೊಂಡರೆ ಮೊಳಕೆ ಒಡೆಯುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು.

ಗುರುವಾರ ಬೆಳಗಿನ ಜಾವ. ನಿನ್ನ ಅಮ್ಮ ಪಲಾಷ್ಕಾ ನಮ್ಮ ಮನೆಯೊಳಗೆ, ಒಲೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಸತ್ತಾಗ ಇದ್ದಷ್ಟೇ ವಯಸ್ಸು, ಇಪ್ಪತ್ತೇಳೋ ಇಪ್ಪತ್ತೆಂಟೋ. ನಾನು ಮಾತ್ರ ಎಂಬತ್ತನಾಲ್ಕರ ಮುದುಕಿ. ಅವಳ ಲಂಗದ ಅಂಚಿನಿಂದ ನೀರು ಸುರಿಯುತ್ತಿತ್ತು. "ಪಲಾಷ್ಕಾ ಅತ್ತೆ, ಒಲೆ ಹತ್ರ ಸರ್ಕೊಳ್ಳಿ, ಬಟ್ಟೆ ಒಣಗ್ಲಿ" ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ಕತ್ತೆತ್ತಿ ಸೂರಿನ ತೊಲೆ ನೋಡುತ್ತಿದ್ದಳು. ನೋಡುತ್ತಿದ್ದಂತೆ ತೊಲೆಯಿಂದಲೂ ತೊಟತೊಟ ಹನಿ. ಆಮೇಲೆ ಬಹಳ ಮೆತ್ತಗೆ, ಬೈಯುವ ದನಿಯೇ ಅಲ್ಲ, ಕೇಳಿದಳು: "ಮೊತ್ರ್ಯಾ, ಮೊಟ್ಟೆನೆಲ್ಲ ಯಾರಿಗೆ ಕೊಟ್ರಿ?"

ಎಚ್ಚರವಾಯಿತು. ನೆಲ ಒಣಗಿತ್ತು. ಆದರೂ ಮನಸ್ಸು ತಡೆಯದೆ ಸ್ಟೂಲು ಹತ್ತಿ ತೊಲೆ ಮುಟ್ಟಿ ನೋಡಿದೆ. ಈ ವಯಸ್ಸಿನಲ್ಲಿ ಸ್ಟೂಲು ಹತ್ತಿದ್ದನ್ನು ನಿನ್ನ ಮಗಳು ಯರೀನಾಗೆ ಹೇಳಬೇಡ, ಅವಳು ಫೋನು ಮಾಡಿ ಗದರಿಸುತ್ತಾಳೆ. ತೊಲೆಯೂ ಒಣಗಿತ್ತು.

ಈಗ ನಮಸ್ಕಾರ. ಕ್ರಿಸ್ತ ಎದ್ದು ಬಂದ, ಉಸ್ತ್ಯಾ! ನೀನು ಅಲ್ಲಿಂದಲೇ "ನಿಜವಾಗಿಯೂ ಎದ್ದು ಬಂದ" ಅನ್ನು, ಈಸ್ಟರ್ ಹಬ್ಬ ಕಳೆದು ಎರಡು ವಾರವಾದರೂ ಇನ್ನೂ ಅನ್ನಬಹುದು. ನಿನ್ನ ಹೃದಯ ಹೇಗಿದೆ? ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತಿದ್ದೀಯೋ, ಇಲ್ಲ ಮೊದಲಿನ ಹಾಗೆ ಕೆನ್ನೆಯಲ್ಲಿ ಇಟ್ಟುಕೊಂಡು ಉಗುಳುತ್ತೀಯೋ? ವಿನ್ನಿತ್ಸಾದಲ್ಲಿ ಸೈರನ್ ಆದಾಗ ನಾಲ್ಕನೇ ಮಹಡಿಯಿಂದ ಇಳಿಯುತ್ತೀರೋ, ಅಲ್ಲೇ ಕೂತಿರುತ್ತೀರೋ? ಈ ಮೂರು ಪ್ರಶ್ನೆ ದಿನಾ ನನ್ನ ತಲೆಯಲ್ಲಿ ಸುತ್ತುತ್ತವೆ. ಆದರೂ ಉತ್ತರ ಕೇಳಿ ಇಷ್ಟು ದಿನ ಪತ್ರ ಬರೆಯಲಿಲ್ಲ.

ನಿನ್ನ ಕಾಗದ ಬಂದದ್ದು ಡಿಸೆಂಬರಿನಲ್ಲಿ. ಈಗ ಮೇ. ತಡವಾದ್ದಕ್ಕೆ ನಾನು ಮನಸ್ಸಿನಲ್ಲೇ ಎಷ್ಟೋ ನೆಪ ಜೋಡಿಸಿಟ್ಟಿದ್ದೆ: ಬೆರಳು ಸೆಟೆಯುತ್ತವೆ, ಅಂಚೆಯ ವ್ಯಾನು ಶತ್ರುವಿರುವ ಆ ದಡದಿಂದ ಗುಂಡು ಬೀಳದ ಮಂಗಳವಾರ ಮಾತ್ರ ಬರುತ್ತದೆ, ಕನ್ನಡಕದ ಕಿವಿ ಮುರಿದಿದೆ. ಎಲ್ಲವೂ ನಿಜವೇ. ಆದರೂ ಅವು ಕಾರಣವಲ್ಲ. ನೀನು ಕೇಳಿದ್ದಕ್ಕೆ ಏನು ಬರೆಯಬೇಕೋ ಗೊತ್ತಾಗಲಿಲ್ಲ.

ನೀನು ಕೇಳಿದ್ದು ಚಿಕ್ಕ ಉಪಕಾರ. "ನಾನು ಇಲ್ಲಿ ಸತ್ತರೂ ಯರೀನಾ ನನ್ನನ್ನು ಊರಿಗೇ ತರುತ್ತಾಳೆ, ಮಾತು ಕೊಟ್ಟಿದ್ದಾಳೆ. ಅಮ್ಮನ ಎಡಗಡೆಗೆ ಜಾಗ ಹಿಡಿದಿಡು ಮೊತ್ರ್ಯಾ, ಬೇಲಿ ಹಾಕಿಸು, ಬೇರೆ ಯಾರೂ ಬರಬಾರದು. ಎಪ್ಪತ್ತೇಳು ವರ್ಷ ಅವಳಿಲ್ಲದೆ ಮಲಗಿದ್ದೇನೆ, ಇನ್ನಾದರೂ ಅವಳ ಪಕ್ಕ ಮಲಗುತ್ತೇನೆ." ಕಾಗದವನ್ನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆ ಹರಿದು ಈಗ ನಾಲ್ಕು ತುಂಡಾಗಿದೆ.

ಬೇಲಿಗೆ ಪನಾಸ್ ಜನವರಿಯಲ್ಲೇ ನಾಲ್ಕು ಕಬ್ಬಿಣದ ಪೈಪು ತಂದು ನಮ್ಮ ಗೋಡೆಗೆ ಒರಗಿಸಿದ. ಪಕ್ಕದ ಮನೆಯ ಈ ಪನಾಸ್‌ನನ್ನು ನೀನು ಬಲ್ಲೆ, ಕೈ ಸುಮ್ಮನಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ದಿನಾ ಬೇಲಿಯ ಆಚೆಯಿಂದ ಕೂಗುತ್ತಾನೆ: "ಮೊತ್ರ್ಯಾ, ನಿನ್ನ ಗೋಡೆಗೆ ನಾಲ್ಕು ಮದುವೆ ಗಂಡು ಒರಗ್ಕೊಂಡು ಕಾಯ್ತಾವೆ. ಒಪ್ಕೊಳ್ತೀಯೋ, ಬೇಡ ಅಂತ ಕೈಗೆ ಕುಂಬಳಕಾಯಿ ಕೊಟ್ಟು ಕಳಿಸ್ತೀಯೋ?"

ನೆಲ ಹೆಪ್ಪುಗಟ್ಟಿದೆ ಎಂದೆ ಜನವರಿಯಲ್ಲಿ. ಮಾರ್ಚಿನಲ್ಲಿ ಕೆಸರು ಎಂದೆ. ಈಗ ಮೇ ತಿಂಗಳು, ನೆಲ ಹದವಾಗಿದೆ, ಸುಳ್ಳು ಮುಗಿದಿದೆ. ಮೊನ್ನೆ, "ಅವಳು ಬದುಕಿರೋವಾಗ್ಲೇ ಅವಳ ಗುಂಡಿಗೆ ಬೇಲಿ ಹಾಕೋದು ಅಪಶಕುನ ಕಣೋ" ಎಂದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ನಿನ್ನ ಗೋರಿಯ ಬೋರ್ಡೇ ನೀನು ಹತ್ತು ವರ್ಷದ ಹಿಂದೆ ಬರೆಸಿ ಅಟ್ಟದಲ್ಲಿ ಇಟ್ಟಿದ್ದೀಯ. ಆಗ ಅಪಶಕುನ ಊರಿಗೆ ಹೋಗಿತ್ತಾ?"

ಊರಿನ ವಿಚಾರ ಬರೆಯುತ್ತೇನೆ, ನೀನು ಅದಕ್ಕೇ ಕಾಯುತ್ತಿರುತ್ತೀಯ. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತದೆ, ವಾರಕ್ಕೆ ಎರಡು ಸಲ. ನಮಗೆ ನೀರು! ಕಿಟಕಿ ತೆರೆದರೆ ಆಚೆ ದಡ ಕಾಣದಷ್ಟು ನೀರಿನ ಪಕ್ಕ ಅರವತ್ತೆಂಟು ವರ್ಷ ಬದುಕಿದವರು ನಾವು. ಅಣೆಕಟ್ಟು ಒಡೆದು ನಾಲ್ಕೇ ದಿನದಲ್ಲಿ ಅಷ್ಟೂ ಹೋಯಿತಲ್ಲ. ನೀನು ಹೊರಟಾಗ ಅಲ್ಲಿ ಸತ್ತ ಮೀನು, ಕಪ್ಪೆಚಿಪ್ಪು, ಒಡೆದ ಕೆಸರು, ಮೂಗು ಬಿಡಲಾಗದ ವಾಸನೆ. ಈಗ ನೋಡಿದರೆ ನೀನು ನಂಬುವುದಿಲ್ಲ. ವಿಲ್ಲೋ ಗಿಡ ಎದ್ದಿದೆ ಉಸ್ತ್ಯಾ, ಕಾಡಿಗೆ ಕಾಡೇ ಎದ್ದಿದೆ, ಆಳೆತ್ತರ ದಾಟಿದೆ. ಯಾರೂ ಬಿತ್ತಲಿಲ್ಲ. ನಡುವೆ ಹಳೆಯ ದ್ನಿಪ್ರೋ ತನ್ನ ಹಳೆಯ ಹಾದಿಯನ್ನೇ ಹುಡುಕಿಕೊಂಡು ಹರಿಯುತ್ತಿದೆ. ಇಷ್ಟು ವರ್ಷವಾದರೂ ಅದಕ್ಕೆ ದಾರಿ ಮರೆತಿಲ್ಲ.

ಇಳಿಯಬೇಡಿ ಎಂದು ಬೋರ್ಡು ಹಾಕಿದ್ದಾರೆ. ಮೈನ್ ಇದೆ, ಆ ದಡದವರು ನೋಡುತ್ತಿರುತ್ತಾರೆ. ಪನಾಸ್ ಬೋರ್ಡು ಓದಿ, "ಇದು ಓದು ಬಂದವ್ರಿಗೆ" ಎಂದು ಇಳಿಯುತ್ತಾನೆ. ನೀರಿನಡಿ ಮುಳುಗಿದ್ದ ಹಳೇ ಲೊಜಿಯ ಇಟ್ಟಿಗೆ ತಂದು ಕೋಳಿಗೂಡು ಕಟ್ಟಿದ್ದಾನೆ. ಅವನು ಇಳಿದ ದಿನ ನನಗೆ ಊಟ ಸೇರುವುದಿಲ್ಲ. ಬೇಲಿಯ ಹತ್ತಿರವೇ ನಿಂತಿರುತ್ತೇನೆ, ಕಟ್ಟಿಹಾಕಿದ ಮೇಕೆಯ ಹಾಗೆ.

ಇನ್ನೊಂದು ಸಂಗತಿ. ನಮ್ಮ ಶಾಲೆಯ ಮಿರೊಸ್ಲಾವಾ ಗೊತ್ತಲ್ಲ, ಕೆಂಪು ಕೂದಲಿನ ಟೀಚರು. ಮಕ್ಕಳೆಲ್ಲ ಚದುರಿಹೋದರು, ಅವಳು ನೆಲಮಾಳಿಗೆಯಲ್ಲಿ ಕೂತು ಫೋನಿನಲ್ಲೇ ಪಾಠ ಮಾಡುತ್ತಾಳೆ. ಈಗ ಊರಿನ ಭೂಗೋಳ ಮತ್ತು ಇತಿಹಾಸ ಎಂದು ಒಂದು ಪುಸ್ತಕ ಬರೆಯಲು ಹೊರಟಿದ್ದಾಳೆ. "ಮೊತ್ರ್ಯಾ ಅಜ್ಜಿ, ಹಳೇ ಊರು ಕಣ್ಣಿಗೆ ಬಿದ್ದಿದೆ, ನೋಡಿದವ್ರು ನೀವೊಬ್ರೇ ಉಳ್ದಿರೋದು. ಹೇಳಿ, ನಾನು ಬರ್ಕೊಳ್ತೀನಿ" ಎಂದು ಏಪ್ರಿಲ್ಲಿನಲ್ಲಿ ಬಂದಳು. ಹೆದರಿಕೆಯಾಯಿತು. ನನ್ನದು ಆರನೇ ತರಗತಿ. ಅದೂ ನಾನು ಬಿಟ್ಟದ್ದಲ್ಲ, ಶಾಲೆಯನ್ನೇ ಕೆಡವಿ ಲಾರಿಗೆ ಹಾಕಿದರು. ಭೂಗೋಳದಲ್ಲಿ ನಮ್ಮದು ಆಫ್ರಿಕಾದವರೆಗೆ ಆಗಿತ್ತು. ಹಾಗಾಗಿ ನೈಲ್ ನದಿ ಎಲ್ಲಿ ಹುಟ್ಟುತ್ತದೆ ಎಂದು ಬಲ್ಲೆ, ನಮ್ಮೂರ ತೊರೆ ಎಲ್ಲಿ ಹುಟ್ಟುತ್ತದೆ ಎಂದು ಯಾವ ಪುಸ್ತಕದಲ್ಲೂ ಓದಲಿಲ್ಲ. ಅದನ್ನು ಕಾಲಿನಲ್ಲಿ ಬಲ್ಲೆ.

ಹಾಗೇ ಹೇಳಿದೆ. ಮೊದಲು ಲೊಜಾ ಎಂಬ ಬೆತ್ತದಂಥ ಗಿಡ ಬಿಟ್ಟರೆ ಏನೂ ಇರಲಿಲ್ಲ, ಅದಕ್ಕೇ ಊರಿಗೆ ಲೊಜಿ ಎಂದು ಹೆಸರು. ಒಬ್ಬ ಕೊಸಾಕ್ ಕಾಲು ಮುರಿದುಕೊಂಡು, ದಂಡಿಗೆ ಹೋಗಲಾಗದೆ, ಚಳಿಗಾಲ ಕಳೆಯಲು ಗುಡಿಸಲು ಹಾಕಿದ. ವಸಂತ ಬಂದರೂ ಏಳಲಿಲ್ಲ. ನಮ್ಮೂರು ಹುಟ್ಟಿದ್ದು ಸೋಮಾರಿತನದಿಂದ ಎಂದು ನಮ್ಮಜ್ಜ ಹೇಳುತ್ತಿದ್ದ. ಅದನ್ನೂ ಬರೆದುಕೊಂಡಳು. ಮೂರು ಕೇರಿ: ನೀರಿನ ಕೇರಿ, ಮರಳು ಕೇರಿ, ಮೇಲಿನ ಕೇರಿ. ನೀನು ಮರಳು ಕೇರಿ, ನಾನು ನೀರಿನ ಕೇರಿ. ಪ್ರತಿ ವಸಂತದಲ್ಲೂ ಹೊಳೆ ಬಂದು ನಮ್ಮ ಹೊಸ್ತಿಲ ಮೇಲೆ ಕೂರುತ್ತಿತ್ತು, ಅಮ್ಮ ಕಿಟಕಿಯಿಂದಲೇ ಬಾತುಕೋಳಿಗೆ ಕಾಳು ಹಾಕುತ್ತಿದ್ದಳು. ನೂರ ಹನ್ನೊಂದು ಮನೆ, ನಾಲ್ಕು ಬಾವಿ, ಒಂದು ಗಾಳಿಯಂತ್ರ, ಒಂದು ದೋಣಿಕಟ್ಟೆ. ದೋಣಿಕಟ್ಟೆಯಲ್ಲಿ ಕುಂಟ ಕಾರ್ಪೋ. ನೆನಪಿದೆಯಾ ಅವನು? ಎಡಗಾಲು ಗಿಡ್ಡ, ಅದಕ್ಕೆಂದು ಒಂದು ಬೂಟಿಗೆ ಮೂರು ಬೆರಳು ಎತ್ತರದ ಹಿಮ್ಮಡಿ, ಅದರ ಅಡಿಗೆ ಕಬ್ಬಿಣದ ಲಾಳ. ಹಲಗೆಯ ಮೇಲೆ ನಡೆದರೆ ಟಕ್, ಟಕ್ ಎಂದು ಒಂದೇ ಕಾಲಿನ ಸದ್ದು. ಹೆಂಡತಿ ಮಕ್ಕಳಿಲ್ಲ, ಬಾಯಿ ತೆರೆದರೆ ಬೈಗುಳ. ನಿನ್ನ ಅಮ್ಮ ಹೋದ ಎರಡು ವರ್ಷಕ್ಕೆ ಅವನೂ ಹೋದ.

ಮೂವತ್ತಮೂರರ ಹಸಿವಿನ ಬಗ್ಗೆ ಅಮ್ಮ ಹೇಳಿದಷ್ಟು ಹೇಳಿದೆ. ಅವಳು ಹೇಳಿದ್ದೇ ಕಡಿಮೆ. ಯುದ್ಧದ ಆಮೇಲಿನ ಹಸಿವು, ನಲವತ್ತೇಳು, ಅದನ್ನು ನಾನೇ ಕಂಡಿದ್ದೇನೆ, ನೀನೂ ಕಂಡಿದ್ದೀಯ. ಸ್ಮಶಾನದ ಮರದ ಶಿಲುಬೆ ಕಿತ್ತು ಒಲೆಗೆ ಹಾಕಿದ ಚಳಿಗಾಲ ಅದು. ಆಮೇಲೆ ಗೋರಿಗಳಿಗೆ ಹೆಸರಿಲ್ಲ. ಈ ಐರಿಸ್ ಹೂವಿನ ಬುಡದಲ್ಲಿ ನಮ್ಮಜ್ಜಿ, ಆ ಪೇರ್ ಮರದ ಕೆಳಗೆ ನಿಮ್ಮ ಚಿಕ್ಕಪ್ಪ ಎಂದು ಗಿಡಮರದಿಂದಲೇ ಗುರುತು.

ದೂರಗಳನ್ನೂ ಹೇಳಿದೆ. ಚರ್ಚಿನಿಂದ ದೊಡ್ಡ ಬಾವಿಗೆ ಇನ್ನೂರು ಹೆಜ್ಜೆ, ಬಾವಿಯಿಂದ ನಿಮ್ಮ ಮನೆಗೆ ಅರವತ್ತು. ಮಿರೊಸ್ಲಾವಾ ಪೆನ್ನು ಎತ್ತಿ ಕೇಳಿದಳು: "ಯಾರ ಹೆಜ್ಜೆ ಅಜ್ಜಿ?"

"ಯಾರದು ಅಂದ್ರೆ? ಹೆಜ್ಜೆ."

"ಅಲ್ಲ ಅಜ್ಜಿ, ದೊಡ್ಡವ್ರದೋ, ಮಕ್ಕಳದೋ? ನೀವಾಗ ಎಷ್ಟಿದ್ರಿ? ನಾನು ಇದನ್ನ ಮೀಟರಿಗೆ ಹಾಕ್ಬೇಕಲ್ಲ. ಆರು ವರ್ಷದ ಮಗು ಏಳು ಹೆಜ್ಜೆ ಅಂದ್ರೆ ನಿಮಗೆ ನಾಲ್ಕೂ ಆಗಲ್ಲ."

ಅವಳು ಬಾಯಿಗೆ ಬಂದ ಅಂಕಿ ಹೇಳಿದಳು, ಅಷ್ಟೇ. ಆರು, ಏಳು. ಅವಳಿಗೇನು ಗೊತ್ತು. ನನ್ನ ಕೈಯಲ್ಲಿದ್ದ ಮೇಕೆ ಹಾಲಿನ ಲೋಟ ಚೆಲ್ಲಿ ಅವಳ ಹಾಳೆ ಒದ್ದೆಯಾಯಿತು. "ವಯಸ್ಸಾಯ್ತು ಮಗಳೇ" ಎಂದೆ. ಅವಳು ಹಾಳೆಯನ್ನು ಒಲೆಯ ಮೇಲೆ ಹಿಡಿದು ಒಣಗಿಸುತ್ತ ಮುಂದಿನದು ಕೇಳಿದಳು: ಐವತ್ತೈದರಲ್ಲಿ ಅಣೆಕಟ್ಟಿನ ನೀರು ಬಿಡುವ ಮುಂಚೆ ಎಷ್ಟು ಗೋರಿ ಅಗೆದು ಮೇಲಿನ ಹೊಸ ಊರಿಗೆ ತಂದಿರಿ?

ಪಟ್ಟಿ ಬರೆದವಳು ನಾನೇ ಎಂದು ಅವಳಿಗೆ ಯಾರೋ ಹೇಳಿದ್ದರು. ಅಕ್ಷರ ದುಂಡಗಿದೆ ಎಂದು ಆಗ ನನ್ನ ಕೈಗೆ ನೋಟುಬುಕ್ಕು ಕೊಟ್ಟಿದ್ದರಲ್ಲ. ಅದು ಇನ್ನೂ ಪೆಟ್ಟಿಗೆಯ ತಳದಲ್ಲಿದೆ. ಇಲ್ಲ ಎಂದಿದ್ದರೆ ಆಗುತ್ತಿತ್ತು. ಬಾಯಿಗೆ ಬರಲಿಲ್ಲ, ತೆಗೆದುಕೊಟ್ಟೆ. ಪುಟ ತಿರುವಿದಳು. ಮೂರು ಸಾಲು, ಅರವತ್ತಮೂರು ಹೆಸರು. "ಎಷ್ಟು ಚೆಂದ ಬರೆದಿದ್ದೀರಿ ಅಜ್ಜಿ!" ಎಂದಳು. ಕೊನೆಯ ಪುಟದಲ್ಲಿ ಬೆರಳು ನಿಂತಿತು. "ಇಲ್ಲೊಂದು ಬೂಟಿನ ಚಿತ್ರ ಇದೆಯಲ್ಲ, ಅಂಚಿನಲ್ಲಿ. ಯಾಕೆ?"

"ಹದಿನೈದು ವರ್ಷದ ಹುಡುಗಿ ಗೀಚಿದ್ದು" ಎಂದೆ. "ಹಾಲು ಉಕ್ಕ್ತಾ ಇದೆ, ನೋಡಿ ಬರ್ತೀನಿ."

ಒಲೆಯ ಮೇಲೆ ಹಾಲೇ ಇರಲಿಲ್ಲ. ಹಿತ್ತಿಲಿಗೆ ಹೋಗಿ ಮೇಕೆಯ ಕತ್ತು ಹಿಡಿದುಕೊಂಡು ನಿಂತೆ.

ಹೋದ ಭಾನುವಾರ ಪ್ರೊವೊದಿ, ಸತ್ತವರಿಗೆ ಎಡೆ ಇಡುವ ದಿನ. ಸ್ಮಶಾನದಲ್ಲಿ ಗುಂಪು ಸೇರಬೇಡಿ, ಡ್ರೋನ್ ಬರುತ್ತದೆ ಎಂದು ಈ ಸಲವೂ ಸಾರಿದ್ದರು. ಸತ್ತವರಿಗೆ ಅದೆಲ್ಲ ಗೊತ್ತಾಗುತ್ತದೆಯೇ, ಅವರು ಕಾಯುತ್ತಾರೆ. ಬೆಳಕು ಹರಿಯುವಾಗಲೇ ಒಬ್ಬಳೇ ಹೋದೆ. ನನ್ನ ಅಪ್ಪ ಅಮ್ಮನಿಗೆ ಪಾಸ್ಕಾ ಬ್ರೆಡ್ಡು, ಕೆಂಪು ಮೊಟ್ಟೆ ಇಟ್ಟೆ. ನಿನ್ನ ಮಾತಿನಂತೆ ಪಲಾಷ್ಕಾ ಎಂದು ಬರೆದ ಶಿಲುಬೆಯ ಹತ್ತಿರವೂ ನೀನು ಕಸೂತಿ ಹಾಕಿದ ಬಟ್ಟೆ ಹಾಸಿದೆ, ಮೂರು ಮೊಟ್ಟೆ ಇಟ್ಟೆ. ಮೂರು ಸಲ "ಕ್ರಿಸ್ತ ಎದ್ದು ಬಂದ" ಎಂದು ನೆಲಕ್ಕೆ ಹೇಳಬೇಕಲ್ಲ. ಒಂದು ಸಲ ಹೇಳಿದೆ. ಎರಡನೆಯದು ಹೇಳದೆ ಬಟ್ಟೆಯ ಅಂಚು ಸರಿಪಡಿಸುತ್ತ ಕೂತೆ. ಆ ಕಡೆ ಎಲ್ಲೋ ಗುಂಡು ಬಿತ್ತು, ಅದನ್ನೇ ನೆಪ ಮಾಡಿಕೊಂಡು ಎದ್ದು ಬಂದೆ. ಅದಾದ ನಾಲ್ಕನೇ ದಿನವೇ ಕನಸು.

ಎಡಗಡೆಯ ಜಾಗ ಖಾಲಿ ಇದೆ, ಹೆದರಬೇಡ. ಹುಲ್ಲು ಕೊಯ್ದು ಬಂದಿದ್ದೇನೆ.

ಕಾಗದ ಉದ್ದವಾಯಿತು, ತಪ್ಪುಗಳನ್ನು ತಿದ್ದಿಕೊಂಡು ಓದು. ದೇವರು ನಿನ್ನ ಹೃದಯಕ್ಕೆ ಬಲ ಕೊಡಲಿ. ಯರೀನಾಗೆ, ಅವಳ ಗಂಡನಿಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಯಾರ ಮನೆಯ ಮೇಲೂ ಏನೂ ಬೀಳದಿರಲಿ. ನೀನು ನಿನ್ನ ಕಾಲಿನಲ್ಲೇ ನಡೆದು ಊರಿಗೆ ಬರುವಂತಾಗಲಿ, ನಿನ್ನ ಕೋಳಿಗಳು ನನ್ನ ಹತ್ತಿರ ಕ್ಷೇಮ.

ನಿನ್ನ,
ಮೊತ್ರ್ಯಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಿದರೆ ಎಪ್ಪತ್ತು ವರ್ಷಕ್ಕೆ ಇನ್ನೊಂದು ವರ್ಷ ಸೇರುತ್ತದೆ ಅಷ್ಟೇ. ನಮಗಿಬ್ಬರಿಗೂ ಅಷ್ಟು ವರ್ಷ ಉಳಿದಿಲ್ಲ. ಯರೀನಾ ಪಕ್ಕದಲ್ಲಿದ್ದಾಗ ಓದು. ಗುಳಿಗೆ ನುಂಗಿ ಓದು.

ಐವತ್ತೈದರಲ್ಲಿ ನೀನು ಕ್ರಿವಿ ರಿಗ್‌ನಲ್ಲಿ ನಿನ್ನ ಚಿಕ್ಕಮ್ಮನ ಮನೆಯಲ್ಲಿದ್ದೆ. ಅಲ್ಲಿಂದ ನನಗೆ ಪೆನ್ಸಿಲಿನಲ್ಲಿ ಬರೆದೆ: "ನನ್ನ ಅಮ್ಮ ಮೂರನೇ ಸಾಲು, ಚೆರ್ರಿ ಮರದಿಂದ ಹೊಳೆ ಕಡೆಗೆ ಏಳು ಹೆಜ್ಜೆ. ನೀರಿನಲ್ಲಿ ಬಿಡಬೇಡ ಮೊತ್ರ್ಯಾ." ಅದನ್ನು ಪಟ್ಟಿಯಲ್ಲಿ ಬರೆದೆ. ಆದರೆ ಅಗೆಯುವ ಮುಂಚೆಯೇ ಮರ ಕಡಿಯುವವರು ಬಂದು ಹೋಗಿದ್ದರು. ಮುಂದೆ ದೋಣಿಗೆ, ಬಲೆಗೆ ತೊಡಕಾಗಬಾರದೆಂದು ಊರಿನ ಮರವೆಲ್ಲ ಬುಡಕ್ಕೆ ಕಡಿಯಬೇಕೆಂದು ಆಜ್ಞೆ. ಗುರುತೆಲ್ಲ ಹೋಯಿತು. ಚೆರ್ರಿಯ ಬುಡ ಉಳಿದಿತ್ತು. ಅದಕ್ಕೆ ಹಿಮ್ಮಡಿ ಒತ್ತಿ ಅಪ್ಪನ ಬೂಟಿನಲ್ಲಿ ಏಳು ಹೆಜ್ಜೆ ಹಾಕಿ, "ಇಲ್ಲಿ" ಎಂದೆ.

ಅಗೆಯುವವರು ಹೊರಗಿನವರು, ನಾಲ್ಕು ಜನ. ನಾನು ಬೆನ್ನು ತಿರುಗಿಸಿ ನಿಂತಿರುತ್ತಿದ್ದೆ, ಅವರು ಕೂಗಿದಾಗ ಹೆಸರು ಹೇಳಬೇಕು, ಅವರು ಪೆಟ್ಟಿಗೆಗೆ ಬರೆಯಬೇಕು. ಅಂದು ಕೊನೆಯ ದಿನ, ಇದು ಕೊನೆಯ ಗೋರಿ.

"ಏ ಅಕ್ಷರದ ಹುಡುಗಿ, ಯಾರಿದು?"

"ಪಲಾಷ್ಕಾ."

ಒಬ್ಬ ನಕ್ಕ. "ನಿಮ್ಮೂರ ಹೆಂಗಸ್ರು ಇಂಥ ಬೂಟು ಹಾಕ್ತಾರಾ?"

ತಿರುಗಿ ನೋಡಿದೆ. ಸಲಿಕೆಯ ಮೇಲೆ ಒಂದು ಬೂಟು. ಹಿಮ್ಮಡಿ ಮೂರು ಬೆರಳು ಎತ್ತರ, ಅಡಿಗೆ ಲಾಳ.

ಮೇಸ್ತ್ರಿ ಗಡಿಯಾರ ನೋಡಿಕೊಂಡ. "ಇವಳೇನಾ, ಅಲ್ವಾ? ಅಲ್ಲ ಅಂದ್ರೆ ಇನ್ನೊಂದು ಕಡೆ ಅಗೀಬೇಕು, ಲಾರಿ ಇವತ್ತು ಇಲ್ಲೇ ನಿಲ್ಲುತ್ತೆ. ಬೇಗ ಬೊಗಳು."

ಆ ಲಾರಿ ಸ್ಮಶಾನದಿಂದ ಸೀದಾ ನಮ್ಮ ಮನೆಗೆ ಹೋಗಬೇಕಿತ್ತು. ಅಪ್ಪ ಮನೆ ಬಿಚ್ಚಿ ತೊಲೆಗಳನ್ನು ರಸ್ತೆಯ ಬದಿಗೆ ಜೋಡಿಸಿ ಮೂರು ದಿನದಿಂದ ಕಾಯುತ್ತಿದ್ದ. ಸರದಿ ತಪ್ಪಿದರೆ ಇನ್ನು ಯಾವಾಗಲೋ. ಅಮ್ಮ ನನ್ನ ಪುಟ್ಟ ತಮ್ಮನನ್ನು ಎತ್ತಿಕೊಂಡು ಆಕಾಶದ ಕೆಳಗೆ ಕೂತಿದ್ದಳು, ಮೋಡ ಕಟ್ಟಿತ್ತು.

"ಇವಳೇ" ಎಂದೆ.

ಏಳು ಹೆಜ್ಜೆ ಹಾಕಿದ್ದು ತಪ್ಪು. ಅದನ್ನು ನೀನು ಕ್ಷಮಿಸಬಹುದು. "ಇವಳೇ" ಎಂದದ್ದು ತಪ್ಪಲ್ಲ ಉಸ್ತ್ಯಾ, ಅದು ಬೇರೆ. ನನಗೆ ಗೊತ್ತಿತ್ತು. ಸಂಜೆ ಪಟ್ಟಿಯಲ್ಲಿ ನಿನ್ನ ಅಮ್ಮನ ಹೆಸರಿನ ಪಕ್ಕ ಬೂಟಿನ ಚಿತ್ರ ಬರೆದೆ. ಬಾಯಲ್ಲಿ ಹೇಳಲಾಗದ್ದನ್ನು ಅಷ್ಟರಲ್ಲಿ ಮುಗಿಸಿದೆ. ಅರವತ್ತಮೂರು ಪೆಟ್ಟಿಗೆ, ಅರವತ್ತಮೂರು ಹೆಸರು, ಯಾರು ಎಣಿಸಿದರೂ ಸರಿಯೇ. ಆ ತೊಲೆಗಳ ಕೆಳಗೇ ಇವತ್ತಿಗೂ ಮಲಗುತ್ತೇನೆ.

ನೀನು ಹದಿನೇಳಕ್ಕೆ ಊರಿಗೆ ಮರಳಿದ ದಿನ ಹೇಳಬೇಕೆಂದು ನಿನ್ನ ಜೊತೆ ಸ್ಮಶಾನದವರೆಗೆ ಬಂದೆ. ನೀನು ಮಂಡಿಯೂರಿ ಆ ಮಣ್ಣಿಗೆ ಮುತ್ತಿಟ್ಟು ಎದ್ದು ನನ್ನನ್ನು ಅಪ್ಪಿಕೊಂಡೆ. "ನೀನಿಲ್ದಿದ್ರೆ ನನ್ನಮ್ಮ ಇವತ್ತು ನೀರಲ್ಲಿ ಇರ್ತಿದ್ಲು ಮೊತ್ರ್ಯಾ." ಆಮೇಲೆ ಹೇಗೆ ಹೇಳಲಿ? ನಿನ್ನ ಮದುವೆಗೆ ಮುಂಚೆ ಹೇಳೋಣವೆಂದುಕೊಂಡೆ, ಯರೀನಾ ಹುಟ್ಟಿದಾಗ, ನಿನ್ನ ಗಂಡ ಹೋದಾಗ. ಪ್ರತಿ ಪ್ರೊವೊದಿಗೂ ನಿನ್ನ ಪಕ್ಕ ಕೂತು, ಕುಂಟ ಕಾರ್ಪೋನ ಎದೆಯ ಮೇಲೆ ಬಟ್ಟೆ ಹಾಸಿ, ನಿನ್ನ ಅಮ್ಮನ ಹೆಸರಿನಲ್ಲಿ ಮೊಟ್ಟೆ ತಿಂದಿದ್ದೇನೆ. ಬದುಕಿದ್ದಾಗ ಆ ಮನುಷ್ಯನಿಗೆ ಒಬ್ಬರೂ ಬಿಸಿ ಗಂಜಿ ಕೊಡಲಿಲ್ಲ. ಅರವತ್ತೈದು ವರ್ಷ ನೀನು ಅವನಿಗೆ ನಿನ್ನ ಸುಖದುಃಖವೆಲ್ಲ ಹೇಳಿಕೊಂಡೆ, ಅಮ್ಮಾ ಅಮ್ಮಾ ಎಂದು. ಅಲ್ಲಿ ನೀರಿನ ಅಡಿಯಲ್ಲಿ ಅವಳು.

ಅದಕ್ಕೇ ಪೈಪು ನೆಡಿಸಲಿಲ್ಲ. ಆ ಎಡಗಡೆ ನಿನ್ನ ಅಮ್ಮನ ಎಡಗಡೆ ಅಲ್ಲ.

ಮೊನ್ನೆ ಪನಾಸ್ ಕೆಳಗಿನಿಂದ ಬಂದು ಹೇಳಿದ: "ಸ್ಮಶಾನದ ದಿಬ್ಬ ಹಂಗೇ ಐತೆ ಕಣೇ. ಅಲ್ಲಿ ಮರಳು, ವಿಲ್ಲೋ ಬೆಳೆದಿಲ್ಲ. ಚೆರ್ರಿ ಬುಡ ನಿಂತೈತೆ, ಇದ್ದಿಲ ಹಂಗೆ ಕರ್ರಗೆ." ಅವನನ್ನು ಕಳಿಸುವುದಿಲ್ಲ, ನನ್ನ ಪಾಪಕ್ಕೆ ಇನ್ನೊಬ್ಬನ ಕಾಲು ಹೋಗಬಾರದು. ಮೈನ್ ತೆಗೆದ ದಿನ ಮೊದಲು ಇಳಿಯುವವಳು ನಾನು. ಅಷ್ಟರಲ್ಲಿ ನಾನು ಹೋಗಿಬಿಟ್ಟರೆ ಎಂದು ಮಿರೊಸ್ಲಾವಾಗೆ ನಾಳೆಯೇ ಎಲ್ಲ ಹೇಳುತ್ತೇನೆ, ಬೂಟಿನ ವಿಷಯವನ್ನೂ. ಪುಸ್ತಕದಲ್ಲಿ ಬರೆಯಲಿ. ಊರಿನ ಇತಿಹಾಸದಲ್ಲಿ ನನ್ನ ಹೆಸರು ಹಾಗೇ ಇರಲಿ.

ನನ್ನನ್ನು ಬೈದು ಬರಿ, ಬರೆಯದೆಯೂ ಇರು, ಅದು ನಿನ್ನಿಷ್ಟ. ಒಂದಕ್ಕೆ ಮಾತ್ರ ಉತ್ತರ ಕೊಡು. ನಿನ್ನ ಅಮ್ಮನನ್ನು ಮಣ್ಣು ಮಾಡಿದಾಗ ನಿನಗೆ ಆರು ವರ್ಷ. ಆ ಏಳು ಹೆಜ್ಜೆ ನೀನು ಎಣಿಸಿದ್ದು ಅವತ್ತೇನಾ, ಆ ಪುಟ್ಟ ಕಾಲಿನಲ್ಲಾ? ಇಲ್ಲ ಬೇರೆ ಯಾರಾದರೂ ದೊಡ್ಡವರು ಎಣಿಸಿ ನಿನಗೆ ಹೇಳಿದ್ದಾ? ಕಣ್ಣು ಮುಚ್ಚಿಕೊಂಡು, ಆ ಚೆರ್ರಿ ಮರದ ಹತ್ತಿರ ನಿಂತು, ಇನ್ನೊಂದು ಸಲ ಎಣಿಸಿ ನೋಡು ಉಸ್ತ್ಯಾ.